ಯುನೈಟೆಡ್ ಮುಗ್ಗರಿಸಿದ್ದು ಆ ಬೇಸಿಗೆಯ ಖರೀದಿಯಿಂದಲೇ?

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ 2024-25ರ ಪ್ರೀಮಿಯರ್ ಲೀಗ್ ಮುಗಿಸಿದ್ದು 15ನೇ ಸ್ಥಾನದಲ್ಲಿ. 38 ಪಂದ್ಯ, 18 ಸೋಲು, 42 ಅಂಕ. 1973-74ರಲ್ಲಿ ಕ್ಲಬ್ ಎರಡನೇ ಡಿವಿಷನ್‌ಗೆ ಬಿದ್ದಿತ್ತಲ್ಲ, ಆಮೇಲೆ ಲೀಗ್‌ನಲ್ಲಿ ಇಷ್ಟು ಕೆಳಗೆ ಯಾವತ್ತೂ ಇಳಿದಿರಲಿಲ್ಲ. ಆ ಸೀಸನ್‌ಗೆ ಮುಂಚಿನ ಬೇಸಿಗೆಯಲ್ಲಿ ಐದು ಜನ ದೊಡ್ಡ ಆಟಗಾರರನ್ನು ಕೊಂಡಿದ್ದರು. ಲೀಲ್‌ನಿಂದ ಲೆನಿ ಯೋರೊ, ಬೊಲೋನಾದಿಂದ ಜೋಶುವಾ ಜಿರ್ಕ್‌ಜೀ, ಬಯರ್ನ್‌ನಿಂದ ಡಿ ಲಿಖ್ಟ್ ಮತ್ತು ಮಜ್ರಾವಿ, ಪಿಎಸ್‌ಜಿಯಿಂದ ಉಗಾರ್ಟೆ. ಖರ್ಚು ಸುಮಾರು 18 ಕೋಟಿ ಪೌಂಡ್. ಷರತ್ತು ಪೂರೈಸಿದರೆ ಮುಂದೆ ಕೊಡಬೇಕಾದ ಹಣವೂ ಸೇರಿದರೆ 20 ಕೋಟಿ ಹತ್ತಿರ.

ಹಾಗಾದರೆ ಸೀಸನ್ ಕೆಟ್ಟದ್ದು ಆ ಖರೀದಿಯಿಂದಲೇ? ಒಂದೇ ತಂಡವನ್ನು ಪ್ರೀತಿಸುವ ಇಬ್ಬರು ಇಲ್ಲಿ ಬೇರೆ ಬೇರೆ ಉತ್ತರ ಕೊಡುತ್ತಿದ್ದಾರೆ.

ಪರ: ಹೌದು, ತಪ್ಪು ಶುರುವಾದದ್ದು ಆ ಬೇಸಿಗೆಯಲ್ಲೇ

2024ರ ಡಿಸೆಂಬರ್ 30. ನಮ್ಮದೇ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ನ್ಯೂಕ್ಯಾಸಲ್ ಎದುರು ಪಂದ್ಯ. 20 ನಿಮಿಷ ಆಗುವ ಮೊದಲೇ ನಮ್ಮ ಬಲೆಗೆ ಎರಡು ಗೋಲು ಬಿದ್ದಿವೆ. ಮೊದಲನೆಯದು ಇಸಾಕ್, ಎರಡನೆಯದು ಜೋಯಲಿಂಟನ್. 33ನೇ ನಿಮಿಷಕ್ಕೆ ಗೆರೆಯ ಪಕ್ಕದಲ್ಲಿ ಬದಲಿ ಆಟಗಾರನ ಬೋರ್ಡ್ ಮೇಲೆದ್ದಿತು. ಅದರಲ್ಲಿ 11. ಜಿರ್ಕ್‌ಜೀಯ ನಂಬರ್. ಸ್ಟೇಡಿಯಂನಲ್ಲಿ ಜೋರು ಕೂಗು ಎದ್ದಿತು. ಬೇರೆ ತಂಡದವರ ಕೂಗಲ್ಲ, ನಮ್ಮವರದೇ. ಅವನು ಹೊರಗೆ ಹೋಗುತ್ತಿದ್ದಾನೆ ಅನ್ನೋ ಖುಷಿಗೆ. ಅವನು ಸೀದಾ ಒಳಗೆ ನಡೆದುಬಿಟ್ಟ. ಸ್ವಲ್ಪ ಹೊತ್ತಾದ ಮೇಲೆ ವಾಪಸ್ ಬಂದು ಬೆಂಚಿನಲ್ಲಿ ಕೂತ.

23 ವರ್ಷದ ಹುಡುಗ. ನನ್ನ ಹೊಟ್ಟೆ ಉರಿದುಹೋಯಿತು. ಅವನ ಮೇಲೆ ನನಗೆ ಕೋಪ ಇಲ್ಲ. ಅವನನ್ನು ಯಾವ ಕೆಲಸಕ್ಕೆ ಅಂತ ತಂದರೋ, ಆ ಯೋಚನೆಯ ಮೇಲೆ ಕೋಪ.

ಬೊಲೋನಾದಲ್ಲಿ ಅವನ ಆಟ ನೋಡಿದವರಿಗೆ ಗೊತ್ತು. ಗೋಲಿನ ಮುಂದೆ ಕಾದು ನಿಲ್ಲುವ ಸ್ಟ್ರೈಕರ್ ಅವನಲ್ಲ. ಹಿಂದಕ್ಕೆ ಇಳಿದು ಬರುತ್ತಾನೆ. ಡಿಫೆಂಡರ್‌ಗೆ ಬೆನ್ನು ಕೊಟ್ಟು ಚೆಂಡು ಹಿಡಿಯುತ್ತಾನೆ. ಪಕ್ಕದಿಂದ ಓಡಿ ಬರುವವರಿಗೆ ದಾರಿ ಮಾಡಿಕೊಡುತ್ತಾನೆ. ಬೊಲೋನಾ ಚಾಂಪಿಯನ್ಸ್ ಲೀಗ್‌ಗೆ ಆಯ್ಕೆಯಾದ 2023-24ರ ಸೀಸನ್‌ನಲ್ಲೂ ಅವನು ಲೀಗ್‌ನಲ್ಲಿ ಹೊಡೆದದ್ದು 11 ಗೋಲು. ಅಂಥ ಆಟಗಾರ ಚೆನ್ನಾಗಿ ಆಡಬೇಕಾದರೆ ಅವನ ಆಚೆ ಈಚೆ ಗೋಲು ಹೊಡೆಯುವವರು ಇರಬೇಕು ಅಲ್ವಾ? ನಮ್ಮಲ್ಲಿ ಯಾರಿದ್ದರು? ಮುಂದೆ ಇದ್ದವನು ಹೊಯ್ಲುಂಡ್. ಅವನಿಗೆ ಆಗ 21 ವರ್ಷ. ಅವನ ಭಾರ ಇಳಿಸಲು ಒಬ್ಬ ಪಳಗಿದ ಗೋಲುಗಾರ ಬೇಕಿತ್ತು. ಸುಮಾರು 3.65 ಕೋಟಿ ಪೌಂಡ್ ಕೊಟ್ಟು ಬೇರೆ ಥರದ ಆಟಗಾರನನ್ನು ತಂದರು.

ಫಲ ಏನಾಯಿತು? ಇಡೀ ಲೀಗ್‌ನಲ್ಲಿ ಹೊಯ್ಲುಂಡ್ 4 ಗೋಲು, ಜಿರ್ಕ್‌ಜೀ 3. ಇಬ್ಬರೂ ಸೇರಿ 7. ತಂಡದ ಒಟ್ಟು ಗೋಲು 44. ಅದರ ಹಿಂದಿನ ಸೀಸನ್‌ನಲ್ಲಿ 57 ಇತ್ತು. 13 ಗೋಲು ಕಡಿಮೆಯಾದರೆ ಎಷ್ಟು ಡ್ರಾಗಳು ಸೋಲಾಗುತ್ತವೆ, ಎಷ್ಟು ಗೆಲುವುಗಳು ಡ್ರಾ ಆಗುತ್ತವೆ ಅಂತ ಬಿಡಿಸಿ ಹೇಳಬೇಕಿಲ್ಲ.

ಏಪ್ರಿಲ್ 17ರ ಲಿಯೋನ್ ಪಂದ್ಯ ನೆನಪಿದೆಯಾ? ಯುರೋಪಾ ಲೀಗ್ ಕ್ವಾರ್ಟರ್ ಫೈನಲ್, ಹೆಚ್ಚುವರಿ ಸಮಯ. ಹತ್ತೇ ಜನರಿದ್ದ ಲಿಯೋನ್ ಆ ರಾತ್ರಿ 4-2ರಿಂದ ಮುಂದಿತ್ತು. ಬ್ರೂನೋ ಪೆನಾಲ್ಟಿ ಹೊಡೆದ, ಮೈನೂ ಸಮ ಮಾಡಿದ, ಕೊನೇ ಗಳಿಗೆಯಲ್ಲಿ ಮಗ್ವಾಯರ್ ತಲೆ ಕೊಟ್ಟು 5-4 ಮಾಡಿದ. ನಾನೂ ಕುರ್ಚಿಯಿಂದ ಎದ್ದು ಕುಣಿದೆ. ಆದರೆ ಒಂದು ಮಾತು. ಮಗ್ವಾಯರ್ ಅಲ್ಲಿ ನಿಂತಿದ್ದದ್ದು ಸ್ಟ್ರೈಕರ್ ಜಾಗದಲ್ಲಿ. ಗೋಲು ಬೇಕೇ ಬೇಕು ಅನ್ನುವಾಗ ಡಿಫೆಂಡರ್ ಒಬ್ಬನನ್ನು ಮುಂದೆ ಕಳಿಸಬೇಕಾಯಿತು. ಜನ ಆ ರಾತ್ರಿಯನ್ನು ಹಬ್ಬ ಅಂತ ನೆನೆಯುತ್ತಾರೆ. ನನಗೆ ಅದರಲ್ಲಿ ಬೇಸಿಗೆಯ ಲೆಕ್ಕ ಕಾಣಿಸುತ್ತದೆ.

ಇನ್ನು ಎಡಗಡೆ. ಆ ಬದಿಯ ಡಿಫೆಂಡರ್‌ಗಳು, ಅಂದರೆ ಲೆಫ್ಟ್ ಬ್ಯಾಕ್‌ಗಳಾದ ಲ್ಯೂಕ್ ಶಾ ಮತ್ತು ಮಲಾಸಿಯಾ ಇಬ್ಬರೂ ಗಾಯದಿಂದ ನರಳುತ್ತಿದ್ದರು. 2023-24ರಲ್ಲೇ ಇದರಿಂದ ಒದ್ದಾಡಿದ್ದೆವು. ಎಡಗಾಲಿನ ಲೆಫ್ಟ್ ಬ್ಯಾಕ್ ಬೇಕು ಅಂತ ಮಕ್ಕಳಿಗೂ ಗೊತ್ತಿತ್ತು. ತರಲಿಲ್ಲ. ಬಲಗಾಲಿನ ಡಾಲೊನನ್ನೇ ಅಲ್ಲಿ ಎಳೆದಾಡಿಸಿದರು. ಓಡಿ ಬಂದು ಕ್ರಾಸ್ ಹಾಕಬೇಕಾದಾಗಲೆಲ್ಲ ನಿಂತು, ಚೆಂಡನ್ನು ಬಲಗಾಲಿಗೆ ತಂದುಕೊಳ್ಳಬೇಕು. ಅಷ್ಟರಲ್ಲಿ ಎದುರಾಳಿಗಳೆಲ್ಲ ಹಿಂದೆ ಬಂದು ಗೋಡೆ ಕಟ್ಟಿರುತ್ತಾರೆ. ಕೊನೆಗೆ ಜನವರಿ ಕಳೆದು ಫೆಬ್ರವರಿ ಬರುವಾಗ ಲೆಚ್ಚೆಯಿಂದ ಡೊರ್ಗು ಬಂದ. ಅಷ್ಟು ಹೊತ್ತಿಗೆ ಸೀಸನ್ ಕೈಬಿಟ್ಟಿತ್ತು.

ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಮಾರಾಟ. ಸ್ಕಾಟ್ ಮೆಕ್‌ಟೊಮಿನೆ ಚಿಕ್ಕಂದಿನಿಂದ ನಮ್ಮ ಅಕಾಡೆಮಿಯಲ್ಲೇ ಬೆಳೆದವನು. ಸುಮಾರು 2.5 ಕೋಟಿ ಪೌಂಡ್‌ಗೆ ನಾಪೋಲಿಗೆ ಕೊಟ್ಟರು. ಅವನು ಅಲ್ಲಿ ಮೊದಲ ಸೀಸನ್‌ನಲ್ಲೇ ಲೀಗ್‌ನಲ್ಲಿ 12 ಗೋಲು ಹೊಡೆದ. ಪ್ರಶಸ್ತಿ ನಿರ್ಧಾರವಾಗುವ ಕೊನೇ ದಿನ ಕಾಲ್ಯಾರಿ ಎದುರು ಗಾಳಿಯಲ್ಲಿ ಅಡ್ಡ ಮಲಗಿ ಒದ್ದ ಆ ಗೋಲು ನೋಡಿಲ್ಲದಿದ್ದರೆ ಹುಡುಕಿ ನೋಡಿ. ನಾಪೋಲಿ ಚಾಂಪಿಯನ್ ಆಯಿತು. ಇಟಲಿಯ ಲೀಗ್‌ನ ಆ ಸೀಸನ್ನಿನ ಶ್ರೇಷ್ಠ ಆಟಗಾರ ಅವನೇ. ನಮ್ಮ ಕಡೆ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವರು ಬ್ರೂನೋ ಮತ್ತು ಅಮಾದ್. ತಲಾ 8.

ಇಷ್ಟೆಲ್ಲ ಯಾಕಾಯಿತು? ಕೊಳ್ಳುವವರಿಗೇ ತಾವು ಯಾರಿಗಾಗಿ ಕೊಳ್ಳುತ್ತಿದ್ದೇವೆ ಅನ್ನೋದು ಖಾತ್ರಿ ಇರಲಿಲ್ಲ. 2024ರ ಮೇ 25ರಂದು ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 2-1ರಿಂದ ಸೋಲಿಸಿದೆವು. ಆಮೇಲೂ ಕ್ಲಬ್ ಕೋಚ್ ಟೆನ್ ಹಾಗ್ ಅವರನ್ನು ಇಟ್ಟುಕೊಳ್ಳಬೇಕಾ ಬೇಡವಾ ಅಂತ ಎರಡು ವಾರ ಮೀನಮೇಷ ಎಣಿಸಿತು. ಬೇರೆ ಕೋಚ್‌ಗಳ ಜೊತೆಗೂ ಮಾತಾಡಿತು. ಕೊನೆಗೆ ಜುಲೈನಲ್ಲಿ ಅವರದೇ ಒಪ್ಪಂದವನ್ನು 2026ರವರೆಗೆ ಬೆಳೆಸಿತು. ಅಯಾಕ್ಸ್‌ನಲ್ಲಿ ಅವರ ಕೈಕೆಳಗೆ ಆಡಿದ್ದ ಡಿ ಲಿಖ್ಟ್, ಮಜ್ರಾವಿ ಬಂದರು. ಅಕ್ಟೋಬರ್ 28ಕ್ಕೆ ಅದೇ ಟೆನ್ ಹಾಗ್ ಅವರನ್ನು ಮನೆಗೆ ಕಳಿಸಿದರು.

ನಂಬಿಕೆ ಇಲ್ಲದ ಕೋಚ್ ಕೈಗೆ ಒಂದು ಬೇಸಿಗೆಯ ದುಡ್ಡು ಕೊಡಬಾರದಿತ್ತು. ಕೊಟ್ಟ ಮೇಲೆ ಮೂರು ತಿಂಗಳಿಗೇ ಕೈಬಿಡಬಾರದಿತ್ತು. ಹೊಸ ಕೋಚ್ ಆಗಿ ಬಂದ ಅಮೋರಿಮ್ ಅವರಿಗೆ ಹಿಂದೆ ಮೂವರು ಡಿಫೆಂಡರ್‌ಗಳು, ಎರಡೂ ಬದಿಗೆ ಮುಂದಕ್ಕೂ ಹಿಂದಕ್ಕೂ ಓಡಾಡುವ ವಿಂಗ್ ಬ್ಯಾಕ್ ಬೇಕಿತ್ತು. ವಿಂಗ್ ಬ್ಯಾಕ್‌ಗಳನ್ನು ಯಾರೂ ಕೊಂಡಿರಲಿಲ್ಲ. ಬೇರೆಯವರ ಅಳತೆಗೆ ಹೊಲಿಸಿದ ಅಂಗಿಯನ್ನು ಅವರು ತೊಟ್ಟುಕೊಳ್ಳಬೇಕಾಯಿತು.

ಮುಂದಿನ ಬೇಸಿಗೆಯಲ್ಲಿ, ಅಂದರೆ 2025ರಲ್ಲಿ, ಕ್ಲಬ್ ಮಾಡಿದ್ದೇನು? ಕುನ್ಯಾ, ಎಂಬೆಯುಮೊ, ಶೆಶ್ಕೊ. ಮೂವರೂ ಮುಂದೆ ಆಡುವವರು, ಒಬ್ಬೊಬ್ಬರಿಗೂ 6 ಕೋಟಿ ಪೌಂಡ್‌ಗಿಂತ ಜಾಸ್ತಿ. ಹೊಯ್ಲುಂಡ್‌ನನ್ನು ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಕಳಿಸಿದರು, ಅದೂ ನಾಪೋಲಿಗೆ. ಏನು ಬೇಕಿತ್ತು ಅಂತ ಅವರಿಗೇ ಅರ್ಥವಾಗಿತ್ತು, ಒಂದು ವರ್ಷ ತಡವಾಗಿ.

ವಿರೋಧ: ಇಲ್ಲ, ಆ ಐವರ ಮೇಲೆ ಹೊರೆ ಹಾಕಬೇಡಿ

ಗೆಳೆಯರು ಡಿಸೆಂಬರ್ 30ರಿಂದ ಶುರು ಮಾಡಿದರು. ನಾನು ಜನವರಿ 12ರಿಂದ ಶುರು ಮಾಡುತ್ತೇನೆ. ನಡುವೆ 13 ದಿನ ಅಷ್ಟೇ.

ಆರ್ಸೆನಲ್ ಎದುರು ಅವರದೇ ಮೈದಾನ ಎಮಿರೇಟ್ಸ್‌ನಲ್ಲಿ ಎಫ್‌ಎ ಕಪ್ ಪಂದ್ಯ. ಡಾಲೊಗೆ ಕೆಂಪು ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದರು. ನಮ್ಮ ಗೋಲ್‌ಕೀಪರ್ ಬಯಿಂದಿರ್ ಆಟದ ನಡುವೆ ಒಂದು ಪೆನಾಲ್ಟಿ ತಡೆದ. 1-1 ಆಗಿ ಪೆನಾಲ್ಟಿ ಶೂಟೌಟ್‌ಗೆ ಹೋಯಿತು. ಅಲ್ಲಿ ಆರ್ಸೆನಲ್‌ನ ಹಾವರ್ಟ್ಜ್ ಹೊಡೆದದ್ದನ್ನೂ ಬಯಿಂದಿರ್ ತಡೆದ. ಕೊನೆಯ ಒದೆತ, ಬಿದ್ದರೆ ಗೆಲುವು. ಚೆಂಡು ಹಿಡಿದು ನಡೆದು ಬಂದವನು ಜಿರ್ಕ್‌ಜೀ. ತನ್ನದೇ ಮೈದಾನದಲ್ಲಿ ತನ್ನವರಿಂದಲೇ ಅಂಥ ಕೂಗು ಕೇಳಿಸಿಕೊಂಡವನು. ಹೊಡೆದ, ಬಿತ್ತು. ಯುನೈಟೆಡ್ ಅಭಿಮಾನಿಗಳು ಕೂತಿದ್ದ ಮೂಲೆಯಲ್ಲಿ ಹುಚ್ಚೆದ್ದ ಖುಷಿ.

ಒಂದು ಪೆನಾಲ್ಟಿಯಿಂದ ಒಂದು ಖರೀದಿ ಸರಿಯಾಗಿಬಿಡುತ್ತದೆ ಅಂತ ನಾನು ಹೇಳುತ್ತಿಲ್ಲ. ಗೋಲು ಹೊಡೆಯುವ ಇನ್ನೊಬ್ಬ ಬೇಕಿತ್ತು ಅನ್ನೋದು ನಿಜ. ಅದನ್ನು ಒಪ್ಪುತ್ತೇನೆ. ಲೆಫ್ಟ್ ಬ್ಯಾಕ್ ವಿಷಯವೂ ಸರಿ. ಆದರೆ ಎರಡು ಜಾಗ ಖಾಲಿ ಇದ್ದ ಮಾತ್ರಕ್ಕೆ ತಂಡ 15ಕ್ಕೆ ಇಳಿಯುವುದಿಲ್ಲ. ಅಷ್ಟು ಇಳಿಯಬೇಕಾದರೆ ಕಾಯಿಲೆ ಹಳೆಯದಿರಬೇಕು.

ಹಳೆಯದೇ ಹೌದು. ಗೆಳೆಯರು 2023-24ರಲ್ಲಿ 57 ಗೋಲು ಹೊಡೆದೆವು ಅಂದರು. ಬಿಟ್ಟುಕೊಟ್ಟದ್ದು ಎಷ್ಟು? 58. ಹೊಡೆದದ್ದಕ್ಕಿಂತ ಒಂದು ಜಾಸ್ತಿ. ಲೀಗ್‌ನಲ್ಲಿ 8ನೇ ಸ್ಥಾನ. ಪ್ರೀಮಿಯರ್ ಲೀಗ್ ಶುರುವಾದಾಗಿನಿಂದ ಅಲ್ಲಿವರೆಗೆ ಅದಕ್ಕಿಂತ ಕೆಳಗೆ ಇಳಿದಿರಲಿಲ್ಲ. ಯೋರೊ, ಜಿರ್ಕ್‌ಜೀ, ಉಗಾರ್ಟೆ ಇವರ್ಯಾರೂ ಆಗ ಓಲ್ಡ್ ಟ್ರಾಫರ್ಡ್ ಬಾಗಿಲಿಗೂ ಬಂದಿರಲಿಲ್ಲ. ಒಂದು ಕಪ್ ಗೆದ್ದೆವು ಅಂತ ಆ ಬಿರುಕನ್ನು ಯಾರೂ ಸರಿಯಾಗಿ ನೋಡಲಿಲ್ಲ. ಮುಂದಿನ ಸೀಸನ್‌ನಲ್ಲಿ ಬಿಟ್ಟುಕೊಟ್ಟ ಗೋಲು 54. ಅಂದರೆ ಹೊಸ ಡಿಫೆಂಡರ್‌ಗಳು ಬಂದ ಮೇಲೆ ಆ ಕಡೆ ಸ್ವಲ್ಪವಾದರೂ ಸುಧಾರಿಸಿತ್ತು.

ಒಬ್ಬೊಬ್ಬರನ್ನೇ ನೋಡೋಣ. ಮಜ್ರಾವಿಗೆ ಕೊಟ್ಟದ್ದು ಸುಮಾರು 1.3 ಕೋಟಿ ಪೌಂಡ್. ಈಗಿನ ಮಾರುಕಟ್ಟೆಯಲ್ಲಿ ಅದು ತೀರಾ ಕಡಿಮೆ. ಬಲಕ್ಕೆ ಹಾಕಿದರು, ಎಡಕ್ಕೆ ಹಾಕಿದರು, ಮೂವರ ಸಾಲಿನಲ್ಲಿ ಸೆಂಟರ್ ಬ್ಯಾಕ್ ಮಾಡಿದರು. ಹಾಕಿದ ಕಡೆ ಆಡಿದ. ಎಲ್ಲ ಟೂರ್ನಿ ಸೇರಿ 50ಕ್ಕೂ ಹೆಚ್ಚು ಪಂದ್ಯ. ಅವನನ್ನು ಕೆಟ್ಟ ಖರೀದಿ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಯೋರೊ 18ರ ಹುಡುಗ. ರಿಯಲ್ ಮ್ಯಾಡ್ರಿಡ್ ಕಣ್ಣಿಟ್ಟಿದ್ದ ಆಟಗಾರ. ಜುಲೈ ಕೊನೆಗೆ ಲಾಸ್ ಏಂಜಲೀಸ್‌ನಲ್ಲಿ ನಡೆದ ಸ್ನೇಹಪಂದ್ಯದಲ್ಲಿ ಪಾದದ ಮೂಳೆ ಮುರಿಯಿತು. ಡಿಸೆಂಬರ್‌ವರೆಗೆ ಮೈದಾನಕ್ಕೆ ಇಳಿಯಲಾಗಲಿಲ್ಲ. ಅದೇ ಪಂದ್ಯದಲ್ಲಿ ಹೊಯ್ಲುಂಡ್‌ಗೂ ಗಾಯ. ಇದು ಕೊಂಡವರ ತಪ್ಪಾ? ಸುಮ್ನೆ ದುರದೃಷ್ಟ.

ಬೇರೆಯವರ ಅಳತೆಯ ಅಂಗಿ ಅಂದರಲ್ಲ, ಉಗಾರ್ಟೆಯನ್ನು ಮರೆತಂತಿದೆ. ಅವನು ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಅಮೋರಿಮ್ ಕೈಕೆಳಗೇ ಪಳಗಿದವನು. ಅವರ ಪದ್ಧತಿ ಅವನಿಗೆ ಬಾಯಿಪಾಠ. ಆದರೂ ಯುನೈಟೆಡ್ ಅಂಗಿ ತೊಟ್ಟ ಮೇಲೆ ತಡಬಡಾಯಿಸಿದ. ಆಟಗಾರ ಅವನೇ, ಕೋಚ್ ಅವರೇ, ಪದ್ಧತಿಯೂ ಅದೇ. ಬದಲಾದದ್ದು ಕ್ಲಬ್ ಒಂದೇ.

ಈಗ ಅಂಕಗಳನ್ನು ಬಿಡಿಸಿ ನೋಡಿ. ಟೆನ್ ಹಾಗ್ ಅವರ 9 ಲೀಗ್ ಪಂದ್ಯಗಳಲ್ಲಿ 11 ಅಂಕ. ಕೆಟ್ಟದ್ದೇ, ಅಲ್ಲ ಅನ್ನುತ್ತಿಲ್ಲ. ನಡುವೆ ಹಂಗಾಮಿ ಕೋಚ್ ಆಗಿ ವಾನ್ ನಿಸ್ಟೆಲ್‌ರೂಯ್ ನೋಡಿಕೊಂಡ 2 ಪಂದ್ಯದಲ್ಲಿ 4 ಅಂಕ. ಆಮೇಲೆ ಅಮೋರಿಮ್ ಅವರ 27 ಪಂದ್ಯದಲ್ಲಿ 27 ಅಂಕ. ಅದೇ ಐವರು, ಹೆಚ್ಚುಕಡಿಮೆ ಅದೇ ತಂಡ. ಪಂದ್ಯಕ್ಕೆ 1.2ರಷ್ಟಿದ್ದ ಅಂಕ 1ಕ್ಕೆ ಇಳಿಯಿತು.

ಇದಕ್ಕೆ ಅಮೋರಿಮ್ ಅವರನ್ನೂ ನಾನು ದೂರುವುದಿಲ್ಲ. ಸೀಸನ್ ಮುಗಿದ ಮೇಲೆ ಬರುತ್ತೇನೆ ಅಂತ ಅವರೇ ಕೇಳಿಕೊಂಡಿದ್ದರು. ಈಗ ಬಂದರೆ ಬನ್ನಿ, ಇಲ್ಲದಿದ್ದರೆ ಇಲ್ಲ ಅಂತ ಕ್ಲಬ್ ಪಟ್ಟು ಹಿಡಿಯಿತು. ಸ್ಪೋರ್ಟಿಂಗ್‌ಗೆ ಸುಮಾರು 1.1 ಕೋಟಿ ಯೂರೋ ಕೊಟ್ಟು ನವೆಂಬರ್‌ನಲ್ಲಿ ಕರೆತಂದಿತು. ನಾಲ್ವರ ಸಾಲಿಗೆ ಒಗ್ಗಿದ ತಂಡಕ್ಕೆ ಮೂವರ ಸಾಲು ಕಲಿಸಬೇಕು. ಕಲಿಸುವುದಕ್ಕೆ ದಿನ ಎಲ್ಲಿದೆ? ಗುರುವಾರ ಯುರೋಪ್, ಭಾನುವಾರ ಲೀಗ್, ನಡುವೆ ಪ್ರಯಾಣ, ದಣಿವು. ಓಡುವಾಗ ಯಾರು ಯಾರ ಹಿಂದೆ ಹೋಗಬೇಕು ಅನ್ನೋದು ಮೈಗೆ ಹತ್ತಬೇಕು. ಹೊಸ ಪದ್ಧತಿಯಲ್ಲಿ ವಿಂಗ್ ಬ್ಯಾಕ್ ಮುಂದೆ ಹೋದಾಗ ಅವನ ಹಿಂದಿನ ಜಾಗ ಯಾರು ಮುಚ್ಚಬೇಕು? ಆ ಒಂದು ಕ್ಷಣ ಇಬ್ಬರು ಮುಖ ಮುಖ ನೋಡಿಕೊಂಡರೆ ಸಾಕು, ಗೋಲು. ಎಷ್ಟು ಪಂದ್ಯಗಳಲ್ಲಿ ಹಾಗೆ ನೋಡಿಕೊಂಡು ನಿಂತರು ಅಂತ ನೋಡಿದವರಿಗೆ ಗೊತ್ತು. ಜನವರಿಯಲ್ಲಿ ಬ್ರೈಟನ್ ಎದುರು 1-3ರಿಂದ ಸೋತಾಗ, ಇದು ಬಹುಶಃ ಕ್ಲಬ್ ಇತಿಹಾಸದಲ್ಲೇ ಅತಿ ಕೆಟ್ಟ ತಂಡ ಅಂತ ಅಮೋರಿಮ್ ಬಾಯಲ್ಲೇ ಬಂತು. ಆಟಗಾರರ ಎದೆ ಇನ್ನಷ್ಟು ಕುಸಿಯಿತು ಅಂತ ನನ್ನ ಅನಿಸಿಕೆ.

ಮೈದಾನದ ಹೊರಗೂ ಇದೇ ಕಥೆ. ಕ್ರೀಡಾ ನಿರ್ದೇಶಕ ಅಂತ ಡ್ಯಾನ್ ಆಶ್‌ವರ್ತ್ ಅವರನ್ನು ತಿಂಗಳುಗಟ್ಟಲೆ ಕಾದು ಜುಲೈನಲ್ಲಿ ತಂದರು. ಡಿಸೆಂಬರ್‌ನಲ್ಲಿ ಅವರೂ ಇಲ್ಲ.

ಮೆಕ್‌ಟೊಮಿನೆ ವಿಷಯಕ್ಕೆ ಬರುತ್ತೇನೆ. ಅದು ನನಗೂ ನೋವೇ. ಆದರೆ ಅವನನ್ನು ಮಾರಿದ್ದು ಯಾಕೆ ಅಂತ ಕೇಳಬೇಕು. ಪ್ರೀಮಿಯರ್ ಲೀಗ್‌ನ ಆಗಿನ ನಿಯಮದ ಪ್ರಕಾರ ಕ್ಲಬ್ ಮೂರು ವರ್ಷದಲ್ಲಿ 10.5 ಕೋಟಿ ಪೌಂಡ್‌ಗಿಂತ ಜಾಸ್ತಿ ನಷ್ಟ ತೋರಿಸುವಂತಿರಲಿಲ್ಲ. ಕೊಂಡ ಆಟಗಾರನ ಬೆಲೆಯನ್ನು ಒಪ್ಪಂದದ ವರ್ಷಗಳಿಗೆ ಹಂಚಿ ಲೆಕ್ಕ ಬರೆಯುತ್ತಾರೆ. 5 ಕೋಟಿ ಕೊಟ್ಟು ಐದು ವರ್ಷಕ್ಕೆ ತಂದರೆ ವರ್ಷಕ್ಕೆ 1 ಕೋಟಿ ಖರ್ಚು. ಅಂದರೆ ಇವತ್ತು ಕೊಂಡವನ ಹೊರೆ ಐದು ವರ್ಷ ಬೆನ್ನ ಮೇಲಿರುತ್ತದೆ. ಅಕಾಡೆಮಿಯ ಹುಡುಗನಿಗೆ ಹಾಗೆ ಕೊಟ್ಟ ಬೆಲೆ ಅಂತ ಏನೂ ಇಲ್ಲ. ಅವನನ್ನು ಮಾರಿದರೆ ಬಂದದ್ದೆಲ್ಲ ಪೂರ್ತಿ ಲಾಭ. ಹಳೇ ಖರೀದಿಗಳ ಹೊರೆ ತಲೆ ಮೇಲಿದ್ದಾಗ ಮೊದಲು ಕೈ ಹೋಗುವುದು ಮನೆಯ ಹುಡುಗನ ಮೇಲೆ. ಮೆಕ್‌ಟೊಮಿನೆ ಹೋದದ್ದು 2024ರ ಬೇಸಿಗೆಯಲ್ಲೇ ಇರಬಹುದು. ಅವನನ್ನು ಹೊರಗೆ ತಳ್ಳಿದ ಹೊರೆ ಅದಕ್ಕಿಂತ ಮುಂಚಿನದು.

2013ರಲ್ಲಿ ಕೋಚ್ ಫರ್ಗ್ಯುಸನ್ ನಿವೃತ್ತಿಯಾದ ಮೇಲೆ ಒಮ್ಮೆಯೂ ಲೀಗ್ ಗೆದ್ದಿಲ್ಲ. ಕೋಚ್‌ಗಳು ಮಾತ್ರ ಬದಲಾಗುತ್ತಲೇ ಹೋದರು: ಮೋಯ್ಸ್, ವಾನ್ ಗಾಲ್, ಮೌರಿನ್ಯೊ, ಸೋಲ್ಶೇರ್, ರಾಂಗ್ನಿಕ್, ಟೆನ್ ಹಾಗ್. ಒಬ್ಬೊಬ್ಬರ ಆಟ ಒಂದೊಂದು ಥರ. ಒಬ್ಬರು ಹೋದಾಗ ಅವರ ಕಾಲದ ಆಟಗಾರರು ಉಳಿದರು. ಮುಂದೆ ಬಂದವರಿಗೆ ಅವರು ಬೇಡ. ಮಾರೋಣ ಅಂದರೆ ಅಷ್ಟು ಸಂಬಳ ಕೊಟ್ಟು ಕೊಳ್ಳುವವರಿಲ್ಲ. 2024ರಲ್ಲಿ ಕೊಂಡ ಐವರು ಕಾಲಿಟ್ಟದ್ದು ಈ ಗೋಜಲಿನೊಳಗೆ.

ಮೇ 21ರಂದು ಬಿಲ್ಬಾವೊದಲ್ಲಿ ಯುರೋಪಾ ಲೀಗ್ ಫೈನಲ್ ಸೋತೆವು. ಟಾಟನ್‌ಹ್ಯಾಮ್ 1, ನಾವು 0. ಟೂರ್ನಿಯಲ್ಲಿ ಅಲ್ಲಿವರೆಗೆ ಒಂದೂ ಪಂದ್ಯ ಸೋತಿರಲಿಲ್ಲ, ಇದೇ ಆಟಗಾರರನ್ನು ಇಟ್ಟುಕೊಂಡು. ಸರಿಯಾಗಿ ಒಂದು ವಾರಕ್ಕೆ, ಮೇ 28ರಂದು, ಪೋಲೆಂಡ್‌ನ ವ್ರೋತ್ಸ್ವಾಫ್‌ನಲ್ಲಿ ಕಾನ್ಫರೆನ್ಸ್ ಲೀಗ್ ಫೈನಲ್ ನಡೆಯಿತು. ಬೆಟಿಸ್ ಮತ್ತು ಚೆಲ್ಸಿ. ಬೇರೆಯವರ ಪಂದ್ಯ, ಆದರೂ ನೋಡಿದೆ. ಬೆಟಿಸ್ ಕಡೆ ಬಲಬದಿಯಲ್ಲಿ ಆಂಟನಿ. 2022ರಲ್ಲಿ 8 ಕೋಟಿ ಪೌಂಡ್‌ಗೂ ಜಾಸ್ತಿ ಕೊಟ್ಟು ನಾವು ತಂದವನು. ನಮ್ಮಲ್ಲಿ ಎಲ್ಲರಿಂದ ಬೈಸಿಕೊಂಡು, ಜನವರಿಯಲ್ಲಿ ಲೋನ್ ಮೇಲೆ ಅಲ್ಲಿಗೆ ಹೋಗಿ ಬೆಟಿಸ್ ಜನರ ಕಣ್ಮಣಿ ಆಗಿದ್ದ. ಚೆಲ್ಸಿ ಕಡೆ ಬದಲಿಯಾಗಿ ಇಳಿದವನು ಸ್ಯಾಂಚೊ. 2021ರಲ್ಲಿ 7.3 ಕೋಟಿ ಕೊಟ್ಟು ತಂದವನು. ಅವನೂ ಲೋನ್ ಮೇಲೆ. ಒಂದು ಗೋಲನ್ನೂ ಹೊಡೆದ. ಚೆಲ್ಸಿ 4-1ರಿಂದ ಗೆದ್ದಿತು.

ನಮ್ಮ 15 ಕೋಟಿ ಪೌಂಡ್ ಆ ರಾತ್ರಿ ಎದುರು ಬದುರಾಗಿ, ಬೇರೆಯವರ ಅಂಗಿಯಲ್ಲಿ ಫೈನಲ್ ಆಡುತ್ತಿತ್ತು. ಆ ಇಬ್ಬರಲ್ಲಿ ಯಾರೂ 2024ರ ಬೇಸಿಗೆಯ ಖರೀದಿಯಲ್ಲ.